ಪಾಯಿಂಟ್ 22ರಲ್ಲಿ ಗುರಿ ಸರಿ, 315ರಲ್ಲಿ ಎಲ್ಲಾ ಕೆಳಗೆ: ಒದೆತಕ್ಕೆ ಏನು ಮಾಡೋದು?

ಪೊನ್ನಂಪೇಟೆ ಹುಡುಗಿ
ಎಲ್ಲರಿಗೂ ನಮಸ್ಕಾರ. ಕಾಲೇಜಲ್ಲಿ ಎನ್‌ಸಿಸಿಯಲ್ಲಿದ್ದಾಗ ಸಣ್ಣ ಗುಂಡಿನ ಪಾಯಿಂಟ್ 22 ರೈಫಲ್ ಹೊಡೀತಿದ್ದೆ. 25 ಮೀಟರ್‌ನಲ್ಲಿ ಮಲಗಿ ಹೊಡೆದರೆ ಗ್ರೂಪ್ (ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳೋದು) ಚೆನ್ನಾಗೇ ಬರ್ತಿತ್ತು, ಬೆಟಾಲಿಯನ್ ತಂಡಕ್ಕೂ ಆಯ್ಕೆ ಆಗಿದ್ದೆ. ಈಗ ಮನೆಯಲ್ಲಿರೋ ಹಳೇ, ದೊಡ್ಡ ಗುಂಡಿನ 315 ರೈಫಲ್ ಕಲೀತಾ ಇದ್ದೀನಿ. ಅಪ್ಪ ಪಕ್ಕದಲ್ಲೇ ಇರ್ತಾರೆ, ಕೋವಿಗೆ ವಿನಾಯಿತಿ ಪತ್ರ ಇದೆ, ಗುರಿಯ ಹಿಂದೆ ಎತ್ತರದ ಮಣ್ಣಿನ ಬರೆ ಇದೆ. ಅದನ್ನೆಲ್ಲ ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಎಲ್ಲರೂ ಅಲ್ಲಿಂದಲೇ ಶುರು ಮಾಡ್ತೀರ.

ಸಮಸ್ಯೆ ಏನಂದ್ರೆ, ಮೊದಲನೇ ಗುಂಡು ಪರವಾಗಿಲ್ಲ. ಎರಡನೆಯದರಿಂದ ಎಲ್ಲಾ ಕೆಳಗೆ. ಕೆಲವು ಕೆಳಗೆ ಎಡಕ್ಕೆ. ಹೊಡೆದಾಗ ರೈಫಲ್ ಹಿಂದಕ್ಕೆ ಒದ್ದು ಒದ್ದು ಬಲಭುಜ ನೀಲಿಗಟ್ಟಿ ಕೈ ಎತ್ತಿ ಜಡೆ ಹಾಕಿಕೊಳ್ಳೋಕಾಗ್ತಿಲ್ಲ. ದೊಡ್ಡಪ್ಪ ಸೈಟ್ ಎತ್ತು ಅಂತಾರೆ. ಅಪ್ಪ ಇನ್ನೂ ಬಿಗಿಯಾಗಿ ಹಿಡಿ ಅಂತಾರೆ. ಅಣ್ಣ ಭುಜಕ್ಕೆ ಟವೆಲ್ ಮಡಚಿ ಇಟ್ಕೋ ಅಂತಾನೆ.

ಭಯ ಆಗ್ತಿರೋದು ಇನ್ನೊಂದಕ್ಕೆ. ನಮ್ಮ ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತು. ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಯಲ್ಲಿ ನಾನು ಪಾಯಿಂಟ್ 22ರಲ್ಲೇ ನಿಲ್ಲೋದು. ಆದರೆ ಈಗ ಅದನ್ನ ಕೈಗೆತ್ತಿಕೊಂಡರೂ ಟ್ರಿಗರ್ ಒತ್ತೋ ಹೊತ್ತಿಗೆ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತೆ. ಮೊದಲು ಹೀಗಿರಲಿಲ್ಲ.

ಕೊಪ್ಪ ಕಾಡಂಚು
ಸೈಟ್ ಮುಟ್ಟಬೇಡಿ ಮಾರಾಯ್ರೆ. ಅದೊಂದು ಮೊದಲು. ಮೊದಲನೇ ಗುಂಡು ಸರಿ ಹೋಗ್ತದೆ ಅಂತ ನೀವೇ ಬರೆದಿದ್ದೀರಿ. ಕೋವಿ ಸರಿ ಇದೆ ಅಂತ ಅಲ್ಲಿಗೇ ಗೊತ್ತಾಯ್ತಲ್ಲ.

ಟವೆಲ್ ವಿಷಯದಲ್ಲಿ ನನಗೆ ಅಷ್ಟು ತಕರಾರಿಲ್ಲ. ನಮ್ಮಲ್ಲಿ ನಳಿಗೆ ಬಾಯಿಂದ ಮದ್ದು ಜಡಿಯೋ ಕೇಪಿನ ಕೋವಿ ಕಾಲದಿಂದ್ಲೂ ಕಂಬಳಿ ಮಡಚಿ ಇಟ್ಕೊಂಡೇ ಈಡು ಹೊಡೀತಿದ್ದರು. ಮದ್ದು ಒಂಚೂರು ಹೆಚ್ಚು ಜಡಿದಿದ್ರೆ ಅದು ಒದೆಯೋ ಒದೆತಕ್ಕೆ ಮನುಷ್ಯ ಎರಡು ಹೆಜ್ಜೆ ಹಿಂದೆ. ಈಗಿನ ತೋಟೆಯಲ್ಲಿ ಮದ್ದು ಅಳತೆಗೆ ತುಂಬಿರ್ತದೆ, ಪ್ರತಿ ಸಲ ಒಂದೇ ಒದೆತ. ಅದೇ ಒಂದು ಪುಣ್ಯ.

ಮಾಜಿ ಹವಾಲ್ದಾರ, ಬೆಳಗಾವಿ
ನೋಡವಾ ತಂಗಿ, ಸೈಟಿನ ಬಗ್ಗೆ ಕೊಪ್ಪದವರು ಹೇಳಿದ್ದು ಖರೆ ಐತಿ. ಗುಂಡು ಎಲ್ಲಾ ಒಂದಕಡೆ ಗುಂಪಾಗಿ ಬೀಳಾಕತ್ತಿದ್ರ ಅಷ್ಟ ಸೈಟ್ ತಿರವೂದು. ನಿಂದು ಚದರಾಕತ್ತಾವು. ಚದರಿದ್ದಕ್ಕ ಸೈಟ್ ತಿರವಿದ್ರ ನಾಳೆ ಮೈ ಸರಿ ಆದಮ್ಯಾಲೆ ಗುಂಡು ಬರೆಯ ಮ್ಯಾಲಿಂದ ಹಾರಿ ಹೊಕ್ಕಾವು. ಅದು ಇನ್ನೂ ಕೆಟ್ಟ.

ಪಲ್ಟನ್ನಿನ್ಯಾಗ ನಾನು 7.62 ಎಸ್‌ಎಲ್‌ಆರ್ ರೈಫಲ್ ಮ್ಯಾಲ ಕಲತಾಂವ, ಮುಂದ ಇನ್ಸಾಸ್ ರೈಫಲ್ ಬಂತು. ಹೊಸದಾಗಿ ಭರ್ತಿ ಆದ ರಂಗರೂಟ ಹುಡುಗೂರು ಮೊದಲನೇ ದಿನ ಎಲ್ಲಾರೂ ಒಂದ ಮಾಡೂದು: ಬಟ್ (ರೈಫಲ್ಲಿನ ಹಿಂದಿನ ಕಟ್ಟಿಗಿ ತುದಿ) ತೋಳಿನ ಮ್ಯಾಲ ಇಟಗೋತಾರ, ಇಲ್ಲಾ ಕಾಲರ್ ಎಲುಬಿನ ಮ್ಯಾಲ ಇಟಗೋತಾರ. ಎರಡೂ ತಪ್ಪು. ಬಲಗೈ ಮುಂದ ಚಾಚು. ಕಾಲರ್ ಎಲುಬಿನ ಕೆಳಗ, ಎದಿ ಮತ್ತ ಭುಜ ಕೂಡೂವಲ್ಲಿ ಒಂದು ತಗ್ಗು ಆಗತೈತಿ. ಬಟ್ಟಿನ ಜಾಗಾ ಅದ. ನಿನ್ನ ನೀಲಿ ಕಲೆ ಎಲ್ಲೈತಿ ಹೇಳು. ತೋಳಿನ ಕಡೆ ಇದ್ರ ಬಟ್ ಹೊರಗ ಜಾರಾಕತ್ತೈತಿ ಅಂತ ತಿಳಕೋ.

ಇನ್ನ ಬಿಗಿ. ಅಪ್ಪಾರು ಹೇಳಿದ್ದು ಅರ್ಧಾ ಸರಿ. ಬಿಗಿ ಅಂದ್ರ ಹಲ್ಲು ಕಚ್ಚಿ ಮುಷ್ಟಿ ಬಿಗಿಯೂದಲ್ಲ. ಬಲಗೈ ಮೂರು ಬೆರಳಿಲೆ ಬಟ್ಟನ್ನ ಭುಜಕ್ಕ ಹಿಂದಕ ಎಳದು ಕೂಡಸೂದು, ನಡುವ ಗಾಳಿ ಸಂದಿ ಇರಬಾರದು. ತೋರಬೆರಳು ಅದರಾಗ ಭಾಗಿ ಆಗಬಾರದು, ಅದು ಬ್ಯಾರೆನ ಕೆಲಸಾ ಮಾಡೂದು. ಎಡಗೈ ರೈಫಲ್ಲಿಗೆ ಬರೇ ಆಸರ. ಗಲ್ಲ ಕಟ್ಟಿಗಿ ಮ್ಯಾಲ ಊರಿರಬೇಕು, ಪ್ರತಿ ಸಲಾನೂ ಅದ ಜಾಗಾದಾಗ.

ಮಲಗಿ ಹೊಡದ್ರ ಒದೆತ ಹೆಚ್ಚು ಬಡೀತೈತಿ, ಯಾಕಂದ್ರ ಮೈ ಹಿಂದ ಸರಿಯಾಕ ಜಾಗಾ ಇಲ್ಲ. ನಿಂತ ಹೊಡದ್ರ ಸೊಂಟದಿಂದ ಮ್ಯಾಲಿನ ಮೈ ಹಿಂದ ತೂಗತೈತಿ, ಅಷ್ಟು ಹತ್ತೂದಿಲ್ಲ. ಸದ್ಯಕ್ಕ 315 ಮಲಗಿ ಹೊಡಿಯೂದು ಬಿಡು. ಕುಂತು ಹೊಡಿ, ಇಲ್ಲಾ ನಿಂತು ಕಟ್ಟಿ ಮ್ಯಾಲ ಮುಂಗೈ ಇಟ್ಟು ಹೊಡಿ.

ಪಿಯು ಫಿಸಿಕ್ಸ್ ಮೇಷ್ಟ್ರು
ಹವಾಲ್ದಾರರು ಹೇಳಿದ "ಗಾಳಿ ಸಂದಿ ಇರಬಾರದು" ಅನ್ನೋದಕ್ಕೆ ಲೆಕ್ಕ ಕೊಡ್ತೀನಿ. ಸಂವೇಗ ಸಂರಕ್ಷಣೆ ಪಾಠ ಮಾಡುವಾಗ ಪಠ್ಯಪುಸ್ತಕದಲ್ಲಿ ಬಂದೂಕಿನ ಉದಾಹರಣೆ ಇದ್ದೇ ಇರುತ್ತೆ. ಆದರೆ ಮಕ್ಕಳು ಉತ್ತರ ಬರೆದು ಪುಟ ತಿರುಗಿಸಿಬಿಡ್ತಾರೆ, ಅದರಲ್ಲಿ ಏನಿದೆ ಅಂತ ನೋಡೋದೇ ಇಲ್ಲ.

7.62 ರೈಫಲ್ ತಗೊಳ್ಳಿ. ಗುಂಡು ಸುಮಾರು 9.5 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 840 ಮೀಟರ್. ತೂಕವನ್ನ ಕಿಲೋಗೆ ತಿರುಗಿಸಿ ವೇಗದಿಂದ ಗುಣಿಸಿದರೆ ಸಂವೇಗ 8. ಮದ್ದು ಉರಿದು ಆದ ಅನಿಲವೂ ನಳಿಗೆಯಿಂದ ಮುಂದಕ್ಕೇ ನುಗ್ಗುತ್ತೆ. ಮದ್ದು 3 ಗ್ರಾಂ ಅಷ್ಟೇ ಆದರೂ ಅದರ ವೇಗ ಗುಂಡಿಗಿಂತ ಹೆಚ್ಚು, ಅದರಿಂದ ಇನ್ನೊಂದು 4 ಹತ್ತಿರ. ಒಟ್ಟು 12. ರೈಫಲ್ ತೂಕ 4 ಕಿಲೋ ಅಂದರೆ ಅದು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತೆ. ಶಕ್ತಿ 18 ಜೂಲ್ ಆಸುಪಾಸು.

ಅದೇ ಪಾಯಿಂಟ್ 22ರಲ್ಲಿ ಗುಂಡು 2.6 ಗ್ರಾಂ, ವೇಗ 330. ರೈಫಲ್ ತೂಕ ಹೆಚ್ಚುಕಮ್ಮಿ ಅಷ್ಟೇ. ಶಕ್ತಿ ಒಂದು ಜೂಲಿನ ಹತ್ತನೇ ಒಂದು ಭಾಗವೂ ಬರೋದಿಲ್ಲ. ಅಂದರೆ ಎನ್‌ಸಿಸಿ ರೈಫಲ್‌ನಿಂದ ಈ ದೊಡ್ಡ ರೈಫಲ್ಲಿಗೆ ಬಂದಾಗ ಒದೆತ ಇನ್ನೂರು ಪಟ್ಟಿನ ಹತ್ತಿರ ಜಾಸ್ತಿಯಾಯ್ತು. 315ರ ಗುಂಡು 7.62ಕ್ಕಿಂತ ಭಾರ, ವೇಗ ಕಡಿಮೆ. ಒದೆತದ ಅಂದಾಜಿಗೆ ಇದೇ ವರ್ಗ ಅಂತ ಇಟ್ಟುಕೊಳ್ಳಿ. ನಡುವೆ ಮೆಟ್ಟಿಲೇ ಇಲ್ಲದೆ ಅಟ್ಟ ಹತ್ತಿದ್ದೀರಿ.

ಈಗ ಸಂದಿಯ ವಿಷಯ. ಬಟ್ಟಿಗೂ ಭುಜಕ್ಕೂ ನಡುವೆ ಜಾಗ ಇದ್ದರೆ 4 ಕಿಲೋ ಕಬ್ಬಿಣ-ಮರ ತಾನೊಂದೇ 3 ಮೀಟರ್ ವೇಗ ಪಡೆದು ಬಂದು ಬಡಿಯುತ್ತೆ. ಮೊದಲೇ ಒತ್ತಿಕೊಂಡಿದ್ದರೆ ನಿಮ್ಮ ಮೈತೂಕವೂ ಅದರ ಜೊತೆ ಸೇರುತ್ತೆ. ಅದೇ ಸಂವೇಗ, ಆದರೆ ಹೆಚ್ಚು ತೂಕ, ಹೆಚ್ಚು ಹೊತ್ತು. ಹೊಡೆತ ಹೋಗಿ ತಳ್ಳು ಆಗುತ್ತೆ.

ನನಗೆ ಅತಿ ಸ್ವಾರಸ್ಯ ಅನ್ನಿಸೋದು ಇದಲ್ಲ. ಗುಂಡು ನಳಿಗೆ ದಾಟಲು ಒಂದು, ಒಂದೂವರೆ ಮಿಲಿಸೆಕೆಂಡ್ ಸಾಕು. ನಳಿಗೆ 60 ಸೆಂಟಿಮೀಟರ್ ಇದ್ದರೆ ಅಷ್ಟರೊಳಗೆ ರೈಫಲ್ ಹಿಂದೆ ಸರಿದಿರೋದು 2 ಮಿಲಿಮೀಟರೂ ಇಲ್ಲ. ಮನುಷ್ಯನ ಮೈಗೆ ಏನಾದರೂ ಆಗಿದೆ ಅಂತ ಗೊತ್ತಾಗಿ ಸ್ನಾಯು ಕದಲೋಕೆ ಹೆಚ್ಚುಕಮ್ಮಿ 200 ಮಿಲಿಸೆಕೆಂಡ್ ಬೇಕು. ಅಂದರೆ ಒದೆತ ನಿಮಗೆ ತಿಳಿಯುವ ಹೊತ್ತಿಗೆ ಗುಂಡು ಬರೆಯೊಳಗಿದೆ. ಭುಜ ನೋಯಿಸಿದ ಒದೆತಕ್ಕೆ ಆ ಗುಂಡನ್ನು ಕೆಳಗೆ ಕೆಡವಲು ಸಮಯವೇ ಇರಲಿಲ್ಲ. ಕೆಡವಿದ್ದು ಅದಕ್ಕೆ ಮೊದಲೇ ನೀವು ಮಾಡಿದ ಯಾವುದೋ ಚಲನೆ.

ಹುಲಿಮರಿ 99
ಇಷ್ಟೆಲ್ಲ ಲೆಕ್ಕ ಯಾಕೆ ಗುರು. ಹೆಣ್ಮಕ್ಕಳಿಗೆ 315 ಯಾಕೆ ಬೇಕು, 22 ಸಾಕಲ್ವಾ.

ಹತ್ತು ಮೀಟರ್
@ಹುಲಿಮರಿ, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಸ್ಪರ್ಧಿಸೋರು. 50 ಮೀಟರ್ ತ್ರೀ ಪೊಸಿಷನ್ ರೈಫಲ್‌ನಲ್ಲಿ (ಮಲಗಿ, ಮಂಡಿಯೂರಿ, ನಿಂತು ಹೊಡೆಯೋದು) ಮಾರ್ಗರೆಟ್ ಮರ್ಡಾಕ್, ಲ್ಯಾನಿ ಬ್ಯಾಶಮ್ ಇಬ್ಬರದೂ ಸಮ ಅಂಕ. ನಿಯಮದ ಪ್ರಕಾರ ಚಿನ್ನ ಬ್ಯಾಶಮ್‌ಗೆ ಹೋಯ್ತು, ಬೆಳ್ಳಿ ಮರ್ಡಾಕ್‌ಗೆ. ಪದಕ ಕೊಡುವಾಗ ಆತ ಆಕೆಯನ್ನ ಕೈಹಿಡಿದು ತನ್ನ ಮೆಟ್ಟಿಲಿಗೆ ಹತ್ತಿಸಿಕೊಂಡ. ನಮ್ಮ ಅಂಜಲಿ ಭಾಗವತ್ ಕೂಡ ಎನ್‌ಸಿಸಿಯಿಂದಲೇ ಶೂಟಿಂಗಿಗೆ ಬಂದವರು, 2000ದಲ್ಲಿ ಸಿಡ್ನಿಯಲ್ಲಿ ಫೈನಲ್ ಆಡಿದರು. ಇಷ್ಟು ಸಾಕಲ್ವಾ.

@ಪೊನ್ನಂಪೇಟೆ, ನಾನು ಬೆಂಗಳೂರಲ್ಲಿ 10 ಮೀಟರ್ ಏರ್ ರೈಫಲ್ ಹೊಡೆಯೋದು. ಅಭಿನವ್ ಬಿಂದ್ರಾ 2008ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸ್ಪರ್ಧೆ ಇದು. ನಮಗೆ ಒದೆತ ಅನ್ನೋದು ಇಲ್ಲವೇ ಇಲ್ಲ ಅನ್ನಬಹುದು, ಅದಕ್ಕೇ ನಮ್ಮ ತಪ್ಪುಗಳು ಬಚ್ಚಿಟ್ಟುಕೊಳ್ಳೋಕೆ ಆಗಲ್ಲ. ಗುರಿಯ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್. ಕೋಚ್ ಮೊದಲು ಕಲಿಸೋದು "ಫಾಲೋ ಥ್ರೂ": ಟ್ರಿಗರ್ ಬಿದ್ದ ಮೇಲೂ ಒಂದೆರಡು ಸೆಕೆಂಡ್ ಹಾಗೇ ಇರು, ಸೈಟ್ ಎಲ್ಲಿತ್ತು ಅಂತ ನೋಡು, ಗುರಿ ಹಲಗೆ ನೋಡೋ ಮೊದಲೇ ಗುಂಡು ಎಲ್ಲಿ ಬಿತ್ತು ಅಂತ ಬಾಯಲ್ಲಿ ಹೇಳು. ಕಣ್ಣು ಮುಚ್ಚಿದವಳಿಗೆ ಇದನ್ನ ಹೇಳೋಕೇ ಆಗಲ್ಲ. ನೀವು 22 ಹೊಡೆಯುವಾಗ ಇದೊಂದು ಮಾಡಿ. ಫೋರ್‌ಸೈಟ್ (ನಳಿಗೆ ತುದಿಯ ಸೈಟ್) ಮೇಲೆ ಹಾರಿದ್ದು ಕಣ್ಣಿಗೆ ಬಿದ್ದರೆ ಕಣ್ಣು ತೆರೆದಿತ್ತು ಅಂತ ಅರ್ಥ.

ಇನ್ನೊಂದು. ಹವಾಲ್ದಾರ್ ಸರ್ ಹೇಳಿದ ಎಳೆದು ಕೂಡಿಸೋ ಹಿಡಿತ ಎಲ್ಲ ಬಂದೂಕಿಗೂ ಅಲ್ಲ. ನಳಿಗೆ ಮಡಚಿ ಲೋಡ್ ಮಾಡೋ ಸ್ಪ್ರಿಂಗ್ ಏರ್‌ಗನ್‌ಗೆ ಹಾಗೆ ಮಾಡಿದರೆ ಗುಂಡು ಊರೆಲ್ಲ ಸುತ್ತುತ್ತೆ. ಅದರಲ್ಲಿ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಬಂದೂಕು ಹಿಂದಕ್ಕೆ, ಪಿಸ್ಟನ್ ಕೊನೆ ತಲುಪಿ ನಿಂತಾಗ ಬಂದೂಕು ಮುಂದಕ್ಕೆ. ಎರಡೂ ಒದೆತ ಪೆಲೆಟ್ ನಳಿಗೆ ಬಿಡೋ ಮೊದಲೇ ಶುರು. ಅದನ್ನ ಅಂಗೈ ಮೇಲೆ ಸುಮ್ಮನೆ ಇಟ್ಟು, ತನ್ನಷ್ಟಕ್ಕೆ ಕುಣಿಯೋಕೆ ಬಿಡಬೇಕು. ಸ್ಪರ್ಧೆಯಲ್ಲಿ ಏರ್‌ಗನ್ ವಿಭಾಗದಲ್ಲೂ ನಿಲ್ಲೋದಾದರೆ ನೆನಪಿರಲಿ.

ಮಾಜಿ ಹವಾಲ್ದಾರ, ಬೆಳಗಾವಿ
ಏರ್‌ಗನ್ನಿನ ಮಾತು ಬ್ಯಾರೆ ಬಿಡ್ರಿ. ನಾನು ಹೇಳಿದ್ದು ಮದ್ದಿನ ರೈಫಲ್ಲಿಗೆ.

ಹತ್ತು ಮೀಟರ್
ಒಪ್ಪಿದೆ ಸರ್. ಆದರೆ 22ಕ್ಕೂ ಅಷ್ಟು ಎಳೆದು ಹಿಡಿಯೋದು ಬೇಡ ಅಂತ ನನ್ನ ಅಭಿಪ್ರಾಯ. ಸ್ನಾಯು ಬಿಗಿದಷ್ಟೂ ನಡುಕ.

ಮಾಜಿ ಹವಾಲ್ದಾರ, ಬೆಳಗಾವಿ
ನಡುಕ ಬರೂದು ತಾಲೀಮು ಕಡಿಮಿ ಆದಾಗ.

ಕಿವಿ ಡಾಕ್ಟ್ರು
ಎಲ್ಲರೂ ಭುಜದ ಬಗ್ಗೆ ಮಾತಾಡ್ತಿದ್ದೀರಿ. ಕಿವಿಗೆ ಏನು ಹಾಕಿಕೊಳ್ತೀರಮ್ಮ?

ಪೊನ್ನಂಪೇಟೆ ಹುಡುಗಿ
ಹತ್ತಿ, ಡಾಕ್ಟ್ರೆ. ಅಪ್ಪ ಅದೂ ಹಾಕಲ್ಲ.

@ಹವಾಲ್ದಾರ್ ಅಂಕಲ್, ನೀಲಿ ಕಲೆ ತೋಳಿನ ಕಡೆಗೇ ಇದೆ. ಬಟ್ ನನಗೆ ಉದ್ದ ಅನ್ನಿಸುತ್ತೆ. ಕೆನ್ನೆ ಮರಕ್ಕೆ ತಾಗಿಸೋಕೆ ಕತ್ತು ಮುಂದೆ ಚಾಚಬೇಕು. ಬಟ್ಟಿನ ತುದಿಗೆ ಲೋಹದ ತಗಡು, ರಬ್ಬರ್ ಇಲ್ಲ.

ಕಿವಿ ಡಾಕ್ಟ್ರು
ಹತ್ತಿ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಪಾಯಿಂಟ್ 22 ರೈಫಲ್ ಸದ್ದೇ ಹೊಡೆಯುವವರ ಕಿವಿಯ ಹತ್ತಿರ 140 ಡೆಸಿಬಲ್ ಮುಟ್ಟುತ್ತೆ. ದೊಡ್ಡ ರೈಫಲ್ 160ರ ಆಚೆಗೂ ಹೋಗುತ್ತೆ. 140 ದಾಟಿದ ಸದ್ದು ಒಂದೇ ಸಲಕ್ಕೆ ಒಳಕಿವಿಯ ಕೂದಲು ಜೀವಕೋಶಗಳನ್ನ ಹಾಳು ಮಾಡಬಹುದು. ಅವು ಮತ್ತೆ ಬೆಳೆಯೋದಿಲ್ಲ. ನನ್ನ ಹತ್ತಿರ ಬರೋ ಮಾಜಿ ಸೈನಿಕರಲ್ಲಿ, ಕೋವಿ ಇರೋ ತೋಟದವರಲ್ಲಿ ಎಡಗಿವಿಯೇ ಹೆಚ್ಚು ಹೋಗಿರುತ್ತೆ. ಬಲಗಡೆ ಬಟ್ ಇಟ್ಟಾಗ ತಲೆ ಬಾಗಿ ಬಲಗಿವಿ ತಲೆಯ ಮರೆಗೆ ಬರುತ್ತೆ, ಎಡಗಿವಿ ನಳಿಗೆಯ ಬಾಯಿಗೆ ನೇರ. ನಿಮ್ಮ ತಂದೆಯವರನ್ನ ಕೇಳಿ ನೋಡಿ, ಫೋನ್ ಯಾವ ಕಿವಿಗೆ ಇಟ್ಟುಕೊಳ್ತಾರೆ ಅಂತ.

ಫೋಮ್ ಪ್ಲಗ್ ಹಿಂಡಿ ಒಳಗೆ ಹಾಕಿ, ಅದರ ಮೇಲೆ ಇಯರ್ ಮಫ್. ಎರಡೂ. ದೊಡ್ಡ ಖರ್ಚೇನಲ್ಲ. ಕಾರ್ಖಾನೆ ಸೇಫ್ಟಿ ಸಾಮಾನು ಮಾರೋ ಅಂಗಡಿಯಲ್ಲಿ ಸಿಗುತ್ತೆ. ಕಣ್ಣು ಮುಚ್ಚೋದು ದೊಡ್ಡ ಸದ್ದಿಗೆ ಮೈ ತಾನಾಗಿ ಮಾಡೋ ಕೆಲಸ, ನಿಮ್ಮ ಧೈರ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಸದ್ದು ತಗ್ಗಿದರೆ ಅರ್ಧ ಒದೆತವೂ ತಗ್ಗಿದ ಹಾಗೆ ಅನ್ನಿಸುತ್ತೆ. ಭುಜಕ್ಕೆ ಬಿದ್ದ ಪೆಟ್ಟು ಅಷ್ಟೇ ಇದ್ದರೂ.

ಭುಜದ ಊತ ಇಳಿಯೋವರೆಗೆ 315 ಕಪಾಟಿನಲ್ಲಿರಲಿ. ಇದು ಸಲಹೆ ಅಲ್ಲ, ಔಷಧಿ ಚೀಟಿ.

ಡಲ್ಲಾಸ್ ಕನ್ನಡಿಗ
ಡಾಕ್ಟ್ರ ಮಾತಿಗೆ ನಂದೂ ಒಂದು ಸಹಿ. ಇಲ್ಲಿ ಒಳಾಂಗಣ ರೇಂಜ್‌ಗಳಲ್ಲಿ ಕಿವಿಗೆ ಮಫ್ ಇಲ್ಲದೆ ಬಾಗಿಲೇ ತೆಗೆಯಲ್ಲ. ಪಕ್ಕದ ಸಾಲಲ್ಲಿ ಯಾರಾದರೂ ನಳಿಗೆ ತುದಿಗೆ ಮಜಲ್ ಬ್ರೇಕ್ ಹಾಕಿರೋ ರೈಫಲ್ ತಂದರೆ ನಾನು ಎದ್ದು ಕಾಫಿಗೆ ಹೋಗ್ತೀನಿ. ಬ್ರೇಕ್ ಅನಿಲವನ್ನ ಪಕ್ಕಕ್ಕೂ ಹಿಂದಕ್ಕೂ ತಿರುಗಿಸುತ್ತೆ, ಒದೆತ ನಿಜವಾಗಿ ಕಡಿಮೆಯಾಗುತ್ತೆ, ಆದರೆ ಆ ಸದ್ದೆಲ್ಲ ಹೊಡೆಯುವವನ ಕಿವಿಗೂ ಪಕ್ಕದವನ ಕಿವಿಗೂ. ನಿಮ್ಮ ಸಮಸ್ಯೆಗೆ ಅದು ತಿರುಗುಬಾಣ.

ಮೇಷ್ಟ್ರು ಹೇಳಿದ "ಮೊದಲೇ ಮಾಡಿದ ಚಲನೆ" ಕಣ್ಣಾರೆ ನೋಡೋಕೆ ಒಂದು ದಾರಿ ಇದೆ. ರೈಫಲ್ಲನ್ನ ನೀವು ಲೋಡ್ ಮಾಡಬೇಡಿ, ಅಪ್ಪ ಮಾಡಲಿ. ನಳಿಗೆ ಬರೆ ಕಡೆಗೇ ಇರುವಂತೆ ಹಿಡಿದು, ನಿಮಗೆ ಕಾಣದ ಹಾಗೆ ಒಮ್ಮೆ ತೋಟೆ ಇಟ್ಟು ಬೋಲ್ಟ್ ಮುಚ್ಚಲಿ, ಒಮ್ಮೆ ಖಾಲಿ ಮುಚ್ಚಲಿ. ಯಾವುದು ಅಂತ ನಿಮಗೆ ಗೊತ್ತಿರಬಾರದು. ಖಾಲಿ ಇದ್ದಾಗ ಟಿಕ್ ಅನ್ನೋ ಹೊತ್ತಿಗೆ ನಳಿಗೆ ತುದಿ ಏನು ಮಾಡುತ್ತೆ ಅಂತ ಅಣ್ಣ ಪಕ್ಕದಿಂದ ಫೋನಲ್ಲಿ ವಿಡಿಯೋ ಮಾಡಲಿ. ಮುಂದೆ ಬರಬಾರದು, ಪಕ್ಕದಿಂದ, ಹೊಡೆಯುವವಳಿಗಿಂತ ಹಿಂದೆ ನಿಂತು. ಇಲ್ಲಿ ಎಲ್ಲ ಇನ್‌ಸ್ಟ್ರಕ್ಟರ್‌ಗಳೂ ಮಾಡಿಸೋದು ಇದನ್ನೇ. ಭುಜ ವಾಸಿಯಾಗೋವರೆಗೆ ಇದನ್ನ 22ರಲ್ಲೇ ಮಾಡಿ, ಅದರಲ್ಲೂ ಕಾಣುತ್ತೆ.

ದುರ್ಬೀನು ಏನಾದ್ರೂ ಹಾಕಿಸಿದ್ದೀರಾ? ಹಾಕಿಸಿದ್ದರೆ ಕಣ್ಣಿಗೂ ಅದಕ್ಕೂ ಮೂರು-ನಾಲ್ಕು ಇಂಚು ಬಿಡಿ. ಕತ್ತು ಚಾಚಿ ಹೊಡೆಯುವವರ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಇಲ್ಲಿ ದಿನಾ ನೋಡ್ತೀವಿ.

ಹಂದಿ ಕಾಟ ಸಾಕಪ್ಪ
ನಮ್ಮ ಗದ್ದೆಗೆ ಹಂದಿ ಬೀಳ್ತಾವೆ. 315 ತಗೊಂಡ್ರೆ ಎಷ್ಟು ದೂರದಿಂದ ಹೊಡೀಬೋದು? ಒದೆತ ಎಲ್ಲ ತಡ್ಕೋತೀನಿ.

ವಕೀಲ, ಶಿವಮೊಗ್ಗ
ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972. ಅನುಮತಿ ಇಲ್ಲದೆ ಹೊಡೆದರೆ ಕೇಸು, ಕೋವಿ ಜಪ್ತಿ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದ ಮಾತ್ರಕ್ಕೆ ಬೇಟೆಯಾಡೋ ಹಕ್ಕು ಬರೋದಿಲ್ಲ. ದೂರದ ಪ್ರಶ್ನೆ ಆಮೇಲೆ.

ಕೊಪ್ಪ ಕಾಡಂಚು
ಬೆಳೆ ರಕ್ಷಣೆ ಲೈಸೆನ್ಸ್ ಕಥೆ ಕೇಳಬೇಡಿ. ಚುನಾವಣೆ ಬಂತು ಅಂದ್ರೆ ಸ್ಟೇಷನ್‌ಗೆ ಕೋವಿ ಒಪ್ಪಿಸಿ ಬರಬೇಕು. ಸರಿಯಾಗಿ ಅದೇ ತಿಂಗಳಲ್ಲಿ ಹಂದಿಗೂ ಸುದ್ದಿ ಹೋಗಿರ್ತದೆ.

ನಿರ್ವಾಹಕ
ಬೇಟೆ, ಚುನಾವಣೆ ಎರಡೂ ಇಲ್ಲಿಗೆ ಸಾಕು. ಬೇರೆ ಎಳೆ ತೆರೆಯಿರಿ.

ಯಲಹಂಕ ಯಾತ್ರಿಕ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ವಿನಾಯಿತಿ ಪತ್ರ ಅಂದ್ರೇನು? ಕೊಡಗಲ್ಲಿ ಯಾರು ಬೇಕಾದ್ರೂ ಕೋವಿ ಇಟ್ಕೋಬಹುದಾ?

ಮಡಿಕೇರಿ ಮಳೆ
ಯಾರು ಬೇಕಾದ್ರೂ ಅಲ್ಲ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಮಾತ್ರ. ಬ್ರಿಟಿಷರು ನಿಶ್ಶಸ್ತ್ರೀಕರಣ ಕಾನೂನು ತಂದಾಗ 1861ರಲ್ಲಿ ಆಗಿನ ಕಮಿಷನರ್ ಮಾರ್ಕ್ ಕಬ್ಬನ್ ಆದೇಶದಿಂದ ಸಿಕ್ಕಿದ ವಿನಾಯಿತಿ ಅದು. ಸ್ವಾತಂತ್ರ್ಯ ಬಂದ ಮೇಲೂ ಮುಂದುವರೀತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಅಂತ ಮಾಡಿತು, ಯಾರೋ ಕೋರ್ಟಿಗೆ ಹೋದರು, 2021ರಲ್ಲಿ ಹೈಕೋರ್ಟ್ ಸರಿಯಾಗಿದೆ ಅಂತ ತೀರ್ಪು ಕೊಟ್ಟಿತು. ಲೈಸೆನ್ಸ್ ಬೇಡ ಅಂದ್ರೆ ಕಾಗದವೇ ಬೇಡ ಅಂತಲ್ಲ, ಡಿಸಿ ಆಫೀಸಿಂದ ವಿನಾಯಿತಿ ಪತ್ರ ಇರಬೇಕು. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್‌ಪೊಳ್ದ್ ದಿನ ಕೋವಿ ತೊಳೆದು ದೇವರ ಮುಂದೆ ಇಟ್ಟು, ನಳಿಗೆ ಬಾಯಿಗೆ ತೋಕ್ ಪೂ ಸಿಕ್ಕಿಸ್ತೀವಿ, ಕೆಂಪು-ಹಳದಿ ಗೌರಿಹೂವು. ಪೂಜೆ ಆದಮೇಲೆ ತೆಂಗಿನಕಾಯಿ.

@ಪೊನ್ನಂಪೇಟೆ, ಹಾಗೆ ತೊಳೆದು ಎಣ್ಣೆ ಹಚ್ಚಿದ ಕೋವಿಯನ್ನ ನೇರ ಸ್ಪರ್ಧೆಗೆ ತರಬೇಡ ಮಾರಾಯ್ತಿ. ನಳಿಗೆ ಒಳಗೆ ಎಣ್ಣೆ ಇದ್ದರೆ ಮೊದಲನೇ ಗುಂಡು ಬೇರೆಲ್ಲಿಗೋ ಹೋಗುತ್ತೆ. ಒಣ ಬಟ್ಟೆ ಎಳೆದು, ಬಿಟ್ಟರೆ ಒಂದೆರಡು ಅಭ್ಯಾಸದ ಗುಂಡು ಹೊಡೆದು ಆಮೇಲೆ ಕಾಯಿಗೆ ನಿಲ್ಲು. ನಮ್ಮ ಮಳೆಗಾಲದಲ್ಲಿ ಎಣ್ಣೆ ಹಚ್ಚದೆ ಇಡೋಕೂ ಆಗಲ್ಲ, ಎರಡೇ ದಿನಕ್ಕೆ ತುಕ್ಕು.

ಪೊನ್ನಂಪೇಟೆ ಹುಡುಗಿ
ವರದಿ. ಇಯರ್ ಮಫ್ ಬಂತು. ಅಪ್ಪನಿಗೂ ಒಂದು. ಮೊದಲು ನಕ್ಕರು, ಆಮೇಲೆ ತೆಗೆಯಲೇ ಇಲ್ಲ.

ಡಲ್ಲಾಸ್ ಅಣ್ಣ ಹೇಳಿದ್ದನ್ನ ಪಾಯಿಂಟ್ 22ರಲ್ಲಿ ಮಾಡಿದ್ವಿ. ಖಾಲಿ ಬೋಲ್ಟ್ ಟಿಕ್ ಅಂದಾಗ ವಿಡಿಯೋದಲ್ಲಿ ನಳಿಗೆ ತುದಿ ಕೆಳಕ್ಕೆ ಕುಕ್ಕಿದ್ದು ಸ್ಪಷ್ಟವಾಗಿ ಕಾಣುತ್ತೆ. ಅದಕ್ಕಿಂತ ಒಂದು ಕ್ಷಣ ಮುಂಚೆ ನನ್ನ ಬಲಭುಜ ಮುಂದಕ್ಕೆ ತಳ್ಳುತ್ತೆ, ಬರೋ ಒದೆತವನ್ನ ಎದುರುಗೊಳ್ಳೋಕೆ ಹೋಗೋ ಥರ. ಒದೆತವೇ ಇಲ್ಲದ 22ರಲ್ಲೂ! ದೊಡ್ಡಪ್ಪ ಮೂರು ಸಲ ವಿಡಿಯೋ ನೋಡಿ ಸೈಟ್ ಮಾತು ಬಿಟ್ಟರು. ಆಮೇಲೆ ಅವರೂ ಹೊಡೆದರು, ಅವರದೂ ಕುಕ್ಕುತ್ತೆ. ಆದರೆ ಕಡಿಮೆ.

ಮಫ್ ಹಾಕಿಕೊಂಡು, ಟಿಕ್ ಬರುತ್ತೋ ಢಂ ಬರುತ್ತೋ ಗೊತ್ತಿಲ್ಲದೆ ಹೊಡೀತಾ ಹೋದ ಹಾಗೆ ಕುಕ್ಕೋದು ಕಡಿಮೆ ಆಗ್ತಾ ಬಂತು. ಪೂರ್ತಿ ಹೋಗಿಲ್ಲ. ಕಣ್ಣು ಮಾತ್ರ ತೆರೆದಿರುತ್ತೆ ಈಗ, ಫೋರ್‌ಸೈಟ್ ಹಾರೋದು ಕಾಣುತ್ತೆ.

315 ಇನ್ನೂ ಮುಟ್ಟಿಲ್ಲ. ಬಟ್ಟಿನ ಪ್ರಶ್ನೆ ಹಾಗೇ ಇದೆ. ಅಣ್ಣ ಆನ್‌ಲೈನ್‌ನಲ್ಲಿ ಬಟ್ಟಿನ ಮೇಲೆ ತೊಡಿಸೋ ರಬ್ಬರ್ ಪ್ಯಾಡ್ ನೋಡಿದ್ದಾನೆ, ತರಿಸೋದಾ?

ಪಿಯು ಫಿಸಿಕ್ಸ್ ಮೇಷ್ಟ್ರು
ರಬ್ಬರ್ ಒಳ್ಳೆಯದೇ, ಹೊಡೆತದ ಅವಧಿ ಹೆಚ್ಚಿಸುತ್ತೆ, ತಗಡಿನ ಅಂಚು ಚುಚ್ಚೋದೂ ತಪ್ಪುತ್ತೆ. ಆದರೆ ನಿಮಗೆ ಬಟ್ ಈಗಾಗಲೇ ಉದ್ದ ಅಂದಿರಿ.

ಕೊಪ್ಪ ಕಾಡಂಚು
ಅದೇ ಹೇಳೋಕೆ ಬಂದೆ. ಪ್ಯಾಡ್ ತೊಡಿಸಿದ್ರೆ ಇನ್ನೊಂದು ಇಂಚು ಉದ್ದ ಆಗ್ತದೆ. ಉದ್ದ ಬಟ್ಟು ಕೈಯನ್ನ ಚಾಚಿಸ್ತದೆ, ಚಾಚಿದ ಕೈಗೆ ಬಟ್ಟು ತೋಳಿನ ಕಡೆ ಜಾರ್ತದೆ. ನಿಮ್ಮ ನೀಲಿ ಕಲೆ ಅಲ್ಲಿಂದಲೇ ಬಂದಿದ್ದು ಅಂತ ನನ್ನ ಲೆಕ್ಕ. ಅಳತೆ ನೋಡೋದು ಸುಲಭ: ಖಾಲಿ ಕೋವಿ, ಬೋಲ್ಟ್ ತೆಗೆದಿಟ್ಟು, ಮೊಣಕೈ ಮಡಚಿ ಬಟ್ಟಿನ ತುದಿಯನ್ನ ಮೊಣಕೈ ಒಳಮಡಿಕೆಗೆ ತಾಗಿಸಿ. ತೋರುಬೆರಳಿನ ಮೊದಲ ಗೆಣ್ಣು ಆರಾಮಾಗಿ ಟ್ರಿಗರ್ ಮುಟ್ಟಬೇಕು. ಮುಟ್ಟದಿದ್ರೆ ಉದ್ದ.

ಮನೆತನದ ಕೋವಿಯ ಮರ ಕೊಯ್ಯೋಕೆ ಮಾತ್ರ ಹೋಗಬೇಡಿ. ಅಪ್ಪನ ಅಳತೆಗೆ ಅದು ಸರಿಯೇ ಇರ್ತದೆ.

ಮಡಿಕೇರಿ ಮಳೆ
ಆ ತಗಡನ್ನ ಬಿಚ್ಚಿ ಅದೇ ದಪ್ಪದ ಗಟ್ಟಿ ರಬ್ಬರ್ ಕೂರಿಸೋಕಾಗುತ್ತೆ, ಉದ್ದ ಹೆಚ್ಚೋದಿಲ್ಲ. ಲೈಸೆನ್ಸ್ ಇರೋ ಕೋವಿ ರಿಪೇರಿಯವರಿಗೆ ತೋರಿಸು, ಮರಗೆಲಸದವರ ಹತ್ತಿರ ಬೇಡ. ತೆಗೆದ ತಗಡು, ಸ್ಕ್ರೂ ಎರಡನ್ನೂ ಜೋಪಾನವಾಗಿ ಎತ್ತಿಡು. ಇನ್ನು ದಪ್ಪ ಜಾಕೆಟ್ ಮೇಲೆ ಸ್ವೆಟರ್ ಹಾಕ್ಕೊಂಡು ಹೊಡೀತಿದ್ರೆ ಅದನ್ನ ತೆಗಿ. ಅದೂ ಬಟ್ಟಿಗೆ ಉದ್ದ ಸೇರಿಸುತ್ತೆ.

ಮಾಜಿ ಹವಾಲ್ದಾರ, ಬೆಳಗಾವಿ
ತಂಗಿ, ವಿಡಿಯೋದಾಗ ಭುಜ ಮುಂದ ತಳ್ಳೂದು ಕಂಡ್ತು ಅಂದಿ, ಅದ ದೊಡ್ಡ ಕೆಲಸಾ ಆತು. ಇನ್ನ 315 ಹಿಡದಾಗ ಹಿಂಗ ಮಾಡು. 22ರಾಗ ಒಂದು ಗ್ರೂಪ್ ಹೊಡಿ, ಆಮ್ಯಾಲೆ 315ರಾಗ ಒಂದ ಗುಂಡು, ಮತ್ತ 22ಕ್ಕ ವಾಪಸ್. 315ರ ಗುಂಡಿನ ಹಿಂದ ಬರೂ 22ರ ಗ್ರೂಪ್ ಚದರಿತಂದ್ರ ಅವತ್ತಿಗೆ ದೊಡ್ಡ ರೈಫಲ್ ಕಟ್ಟಿಡು. ಹಟಾ ಮಾಡಿ ಪೆಟ್ಟಿಗಿ ಖಾಲಿ ಮಾಡೂದ್ರಾಗ ಅರ್ಥಿಲ್ಲ, ಆ ತೋಟೆ ತುಟ್ಟಿನೂ ಅದಾವು.

ಟ್ರಿಗರ್ ಒಮ್ಮಿಗೇ ಜಗ್ಗಬ್ಯಾಡ. ಶಿಸ್ತ್ (ಗುರಿ) ತಗೊಂಡಮ್ಯಾಲೆ ಉಸಿರು ಅರ್ಧಾ ಬಿಟ್ಟು ತಡಿ. ಅಲ್ಲಿಂದ ಒತ್ತಡ ಏರಿಸಕೋತ ಹೋಗು. ಯಾವಾಗ ಬಿದ್ದೀತು ಅಂತ ನಿನಗೂ ಗೊತ್ತಿರಬಾರದು. ಹಂಗ ತಡದು ತಡದು ಕಣ್ಣು ಮಸಕಾತು ಅಂದ್ರ ಟ್ರಿಗರ್ ಮ್ಯಾಲಿಂದ ಬೆರಳು ತಗದು, ಉಸಿರಾಡಿ, ಮೊದಲಿಂದ. ಹೊಡೀಲೇಬೇಕು ಅಂತ ಯಾರೂ ಹೇಳಿಲ್ಲ.

ಪೊನ್ನಂಪೇಟೆ ಹುಡುಗಿ
ಆಯ್ತು ಅಂಕಲ್. ಕೊನೇ ಪ್ರಶ್ನೆ. ಮಳೆ ಬಿಡದ ದಿನ ಮನೆಯೊಳಗೆ 22ರಲ್ಲಿ ಖಾಲಿ ಟ್ರಿಗರ್ ಒತ್ತಿ ಅಭ್ಯಾಸ ಮಾಡಬಹುದಾ? ದೊಡ್ಡಪ್ಪ ತೋಟೆಗೆ ಬಡಿಯೋ ಪಿನ್ ಹಾಳಾಗುತ್ತೆ ಅಂತಾರೆ.

ಡಲ್ಲಾಸ್ ಕನ್ನಡಿಗ
ಈ ಸಲ ದೊಡ್ಡಪ್ಪ ಸರಿ, ಖಾಲಿ ಬೋಲ್ಟ್ ಪರೀಕ್ಷೆ ಹೇಳುವಾಗಲೇ ನಾನು ಇದನ್ನ ಹೇಳಬೇಕಿತ್ತು. 22ರ ತೋಟೆಗೆ ಹೊಡೆತ ಬೀಳೋದು ಅಂಚಿನ ಮೇಲೆ. ಖಾಲಿ ಇದ್ದರೆ ಕೆಲವು ಬಂದೂಕುಗಳಲ್ಲಿ ಪಿನ್ ನೇರ ಹೋಗಿ ತೋಟೆ ಕೂರೋ ಚೇಂಬರಿನ ಉಕ್ಕಿನ ಅಂಚಿಗೆ ಬಡಿದು ಅಲ್ಲಿ ಗುಳಿ ಬೀಳುತ್ತೆ, ಆಮೇಲೆ ತೋಟೆ ಸರಿಯಾಗಿ ಕೂರಲ್ಲ. ಹೊಡೆದಾದ ಖಾಲಿ ತೋಟೆ ಒಂದನ್ನ ಒಳಗಿಟ್ಟುಕೊಳ್ಳಿ, ಪ್ರತಿ ಸಲ ಸ್ವಲ್ಪ ತಿರುಗಿಸಿ, ಪಿನ್ ಹೊಸ ಜಾಗಕ್ಕೆ ಬಡೀಲಿ. ಸುತ್ತಲೂ ಗುಳಿ ಬಿದ್ದ ಮೇಲೆ ಬೇರೆ ಖಾಲಿ ತೋಟೆ.

ಹತ್ತು ಮೀಟರ್
ಮತ್ತೆ ಆ ಕೋಣೆಯಲ್ಲಿ ಜೀವಂತ ತೋಟೆ ಒಂದೂ ಇರಬಾರದು. ಪೆಟ್ಟಿಗೆ ಬೇರೆ ಕೋಣೆಯಲ್ಲಿ, ಬೀಗ ಹಾಕಿ. ನಳಿಗೆ ಕಲ್ಲುಗೋಡೆ ಕಡೆಗೆ, ಕಿಟಕಿ ಕಡೆಗೆ ಬೇಡ. ಒಳಗಿಟ್ಟಿದ್ದು ಹೊಡೆದಾದ ತೋಟೆಯೇ ಅಂತ ನೀವೊಮ್ಮೆ, ಅಪ್ಪ ಒಮ್ಮೆ ನೋಡಿ. 22ರ ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು, ಅದರ ಪೆಟ್ಟಿಗೆ ಮೇಲೇ ಎಚ್ಚರಿಕೆ ಬರೆದಿರ್ತಾರೆ.

ಪೊನ್ನಂಪೇಟೆ ಹುಡುಗಿ
ಪೆಟ್ಟಿಗೆಯ ಬೀಗದ ಕೈ ಅವ್ವನ ಸೊಂಟದಲ್ಲಿರುತ್ತೆ. ಅದನ್ನ ತೆಗೆಸಿಕೊಳ್ಳೋದು 315 ಹೊಡೆಯೋದಕ್ಕಿಂತ ಕಷ್ಟ, ಯೋಚನೆ ಬೇಡ.